ಯಾವ ಕಲಂ ಅಂತ ಕೇಳಿ, ಬರೆದು ಕೊಡ್ರಿ ಅನ್ನಿ

ಒಂದು ಬೋರ್ಡಿನ ಜಗಳ ಸುಪ್ರೀಂ ಕೋರ್ಟಿನ ತನಕ ಹೋದ ಕಥೆ ಗೊತ್ತಾ ಗೆಳೆಯರೇ?

ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರು. ಅಲ್ಲಿನ ನಗರ ಪರಿಷತ್ತಿನ ನಾಮಫಲಕದಲ್ಲಿ ಮೇಲೆ ಮರಾಠಿ, ಕೆಳಗೆ ಉರ್ದು. ಉರ್ದು ಅಳಿಸಿ ಅಂತ ಮಾಜಿ ಸದಸ್ಯೆಯೊಬ್ಬರು ಹಠ ಹಿಡಿದರು. ಜಿಲ್ಲಾಧಿಕಾರಿ ಹೂಂ ಅಂದರು, ವಿಭಾಗೀಯ ಆಯುಕ್ತರು ಆ ಆದೇಶ ರದ್ದು ಮಾಡಿದರು. ಬಾಂಬೆ ಹೈಕೋರ್ಟೂ ಉರ್ದು ಇರಲಿ ಅಂತು. 2025ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿತು. ಎರಡು ಸಾಲಿನ ಬೋರ್ಡಿಗೆ ಇಷ್ಟೆಲ್ಲ ಅಲೆದಾಟ!

ಕೋರ್ಟು ಹೇಳಿದ್ದರ ಸಾರ ಇಷ್ಟೇ. ಭಾಷೆ ಅಂದರೆ ಧರ್ಮವಲ್ಲ, ಅದು ಜನರದ್ದು, ಆಯಾ ಪ್ರದೇಶದ್ದು. ಸ್ಥಳೀಯ ಸಂಸ್ಥೆಗಳ ಅಧಿಕೃತ ಭಾಷೆಯ ಬಗ್ಗೆ ಮಹಾರಾಷ್ಟ್ರ 2022ರಲ್ಲಿ ಮಾಡಿದ ಕಾಯ್ದೆಯಲ್ಲಿ ಮರಾಠಿ ಇರಲೇಬೇಕು ಅಂತಿದೆ. ಜೊತೆಗೆ ಇನ್ನೊಂದು ಭಾಷೆ ಇರಬಾರದು ಅಂತ ಎಲ್ಲೂ ಇಲ್ಲ.

ಈಗ ಅಕ್ಕಲಕೋಟೆ, ಜತ್ತದ ಕಡೆ ತಿರುಗಿ ನೋಡಿ. ಅಲ್ಲಿಗೂ ಅದೇ ಕಾಯ್ದೆ. ಉರ್ದು ಇರುವ ಎಂಟನೇ ಪರಿಚ್ಛೇದದಲ್ಲೇ ಕನ್ನಡವೂ ಇದೆ. ಹಾಗಿದ್ದಮೇಲೆ "ಕನ್ನಡ ಬೋರ್ಡಿಗೆ ರೂಲ್ಸ್ ಇಲ್ಲ" ಅಂದರೆ ನಾವು ಯಾಕೆ ತಲೆ ಅಲ್ಲಾಡಿಸಿ ವಾಪಸ್ ಬರಬೇಕು? ಯಾವ ಕಲಂ ಬೇಡ ಅನ್ನುತ್ತದೆ ಅಂತ ಕೇಳಿ. ಬಾಯಿಮಾತು ಬೇಡ, ಬರೆದು ಕೊಡ್ರಿ ಅನ್ನಿ.

ಆದರೆ ಒಂದು ಮಾತು ನೆನಪಿರಲಿ. ಬೋರ್ಡಿನಲ್ಲಿ ಎರಡನೇ ಭಾಷೆ ಹಾಕಬಹುದು ಅಂತ ಕೋರ್ಟು ಹೇಳಿದೆ, ಹಾಕಲೇಬೇಕು ಅಂದಿಲ್ಲ. ಪಾತೂರಿನ ಬೋರ್ಡು ಉಳಿದದ್ದು ಅಲ್ಲಿನ ಪರಿಷತ್ತೇ ಉರ್ದು ಬೇಕು ಅಂದಿದ್ದರಿಂದ. ನಮ್ಮಲ್ಲೇನು ಕಥೆ? ಓಟು ಕೇಳುವಾಗ ಮನೆ ಬಾಗಿಲಲ್ಲಿ ಸಿಹಿ ಕನ್ನಡ, ಗೆದ್ದ ಮೇಲೆ ಸಭೆಯಲ್ಲಿ ಕನ್ನಡದ ಪರ ಒಂದು ಕೈಯೂ ಏಳಲ್ಲ. ಸಿಟ್ಟು ಬರಬೇಕಾದದ್ದು ಮರಾಠಿ ನೆರೆಯವರ ಮೇಲಲ್ಲ, ಈ ಕೈಗಳ ಮೇಲೆ.

"ಗಡಿ ಕೇಸು ಮುಗಿಯಲಿ, ನೋಡೋಣ" ಅನ್ನುವ ಹಿರಿಯರೂ ಇದ್ದಾರೆ. ಮಹಾರಾಷ್ಟ್ರ ಆ ದಾವೆ ಹೂಡಿದ್ದು 2004ರಲ್ಲಿ. ಎರಡು ದಶಕ ದಾಟಿತು. ಆಗ ಹುಟ್ಟಿದ ಮಗು ಕನ್ನಡ ಶಾಲೆ ಮುಗಿಸಿ, ಕೆಲಸ ಹುಡುಕ್ಕೊಂಡು ಊರೂ ಬಿಟ್ಟಾಯ್ತು. 2022ರ ಕೊನೆಗೆ ಜತ್ತದ ಹಳ್ಳಿಗಳ ಹೆಸರು ಟಿವಿ ತುಂಬ ಓಡಾಡಿತು. ಕ್ಯಾಮೆರಾ ಹೋದಮೇಲೆ ಕೇಳಿದವರಾರು? ಗಡಿ ಎಲ್ಲಾದರೂ ಇರಲಿ, ಬೋರ್ಡು, ಅರ್ಜಿ, ಶಾಲೆ ಇವತ್ತಿನ ಹಕ್ಕು.

"ಹಾಗಾದರೆ ಬೆಳಗಾವಿಯಲ್ಲಿ ಮರಾಠಿಗರೂ ಇದನ್ನೇ ಕೇಳ್ತಾರಲ್ಲ?" ಕೇಳಲಿ. ಅಲ್ಲಿ ಕನ್ನಡ ಮೊದಲು, ಇಲ್ಲಿ ಮರಾಠಿ ಮೊದಲು. ಎರಡನೇ ಸಾಲಿಗೆ ನಾವಿಲ್ಲಿ ಕೇಳುವ ನ್ಯಾಯವನ್ನು ಅಲ್ಲಿ ಬೇಡ ಅಂದರೆ ನಮ್ಮ ಮಾತಿಗೆ ಬೆಲೆ ಎಲ್ಲಿ ಉಳೀತು?

ಕಾಸರಗೋಡು, ತಾಳವಾಡಿ, ಆದೋನಿಯ ಗೆಳೆಯರೇ, ನಿಮ್ಮ ರಾಜ್ಯದ ಕಾಯ್ದೆ ಬೇರೆ, ಅದನ್ನು ಓದಿಕೊಳ್ಳಿ. ಸಂವಿಧಾನ ಮಾತ್ರ ಎಲ್ಲರಿಗೂ ಒಂದೇ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು, ಅದು 350ನೇ ವಿಧಿ. ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿ ಕಲಿಕೆಗೆ 350ಎ. ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ದೂರು ಕೊಡಲು 350ಬಿ.

ಮುಂದಿನ ಪಂಚಾಯಿತಿ ಸಭೆಗೆ ಕನ್ನಡದಲ್ಲೇ ಒಂದು ಅರ್ಜಿ ಬರೆಯಿರಿ. ಹತ್ತು ಜನ ಸಹಿ ಹಾಕಿ. ಕೊಟ್ಟು ಸುಮ್ಮನೆ ಬರಬೇಡಿ, ಸ್ವೀಕೃತಿ ಮೊಹರು ಹಾಕಿಸ್ಕೊಂಡೇ ಬನ್ನಿ.