ಅದು ಬಾಡಿಗೆಯಲ್ಲ, ಮನೆಯ ಕಂತು



ಸ್ವಲ್ಪ ಉದ್ದ ಇದೆ, ಓದಿ. ಲೈನ್ ಮನೆಗಳಲ್ಲಿರುವ ನಮ್ಮವರಿಗೂ ಓದಿ ಹೇಳಿ.

ಕೊಡಗಿನಲ್ಲಿ ನಮ್ಮ ಜನಕ್ಕೆ ಮನೆ ಕೊಳ್ಳೋಕೆ ಬ್ಯಾಂಕ್ ಸಾಲ ಸಿಗೋದು ಕಷ್ಟ. ತೋಟದ ಕೂಲಿಗೆ ಸಂಬಳದ ಚೀಟಿ ಇರಲ್ಲ. ಕೊಳ್ಳುವ ಮೂರು ಸೆಂಟಿಗೆ ಭೂಪರಿವರ್ತನೆ ಆಗಿರಲ್ಲ, ಇ-ಸ್ವತ್ತು ಖಾತೆನೂ ಇರಲ್ಲ. ಆಗ ಜಾಗದವರೇ ಹೇಳ್ತಾರೆ, "ಮುಂಗಡ ಕೊಡು, ಉಳಿದದ್ದು ತಿಂಗಳಾ ತಿಂಗಳಾ ಕಟ್ಟು, ಮುಗಿದ ಮೇಲೆ ರಿಜಿಸ್ಟರ್ ಮಾಡಿಕೊಡ್ತೀನಿ."

ನಮ್ಮ ಸಂಘದ ಮುಂದೆ ಈಗ ಇರುವ ಪ್ರಕರಣ ಇಂಥದ್ದೇ. ಗಂಡ ಹೆಂಡತಿ ಇಬ್ಬರೂ ತೋಟದ ಕೆಲಸದವರು. ಶೀಟಿನ ಮನೆ, ಮೂರು ಸೆಂಟು ಜಾಗ, ಮೂರೂವರೆ ಲಕ್ಷಕ್ಕೆ ಮಾತು. ಮುಂಗಡ 50,000. ಆಮೇಲೆ ತಿಂಗಳಿಗೆ 4,000 ಕೂಲಿಯಲ್ಲೇ ಮುರಿದುಕೊಂಡರು. ಲೆಕ್ಕ ಇದ್ದದ್ದು ರೈಟರ ಪುಸ್ತಕದಲ್ಲಿ ಮಾತ್ರ. ಐದು ವರ್ಷಕ್ಕೆ 2,90,000 ಸಂದಾಯ ಆಯ್ತು. ಕೂಲಿ ಜಾಸ್ತಿ ಅಂತ ಇವರು ಬೇರೆ ತೋಟಕ್ಕೆ ಹೋದರು ನೋಡಿ, ಸಾವ್ಕಾರ್ರ ಮಾತು ಬದಲಾಯ್ತು: "ಇಷ್ಟು ದಿನ ಕೊಟ್ಟದ್ದು ಬಾಡಿಗೆ. ಮನೆ ಖಾಲಿ ಮಾಡಿ."

ರಶೀದಿ ಯಾಕೆ ಕೇಳಲಿಲ್ಲ ಅಂತ ನಮ್ಮವರೇ ಕೆಲವರು ಆ ಹೆಣ್ಣುಮಗಳನ್ನ ಬೈದರು. ಕೇಳಿದ್ದಳು. "ಯಾಕೆ, ನಂಬಿಕೆ ಇಲ್ವಾ?" ಅಂದರಂತೆ. ನಾನು ಗುಮಾಸ್ತ, ದಿನವಿಡೀ ವೋಚರ್ ನೋಡೋನು. ಇದೇ ಸಾವ್ಕಾರ್ರು ಕಾಫಿ ಮಾರುವಾಗ ತೂಕದ ಚೀಟಿ ಬಿಟ್ಟು ಬರ್ತಾರಾ? ವ್ಯಾಪಾರಿಗೆ ಚೀಟಿ, ಕೂಲಿಯವನಿಗೆ ನಂಬಿಕೆ. ಇದು ಜಾತಿಯ ಲೆಕ್ಕ, ಬೇರೆ ಏನೂ ಅಲ್ಲ.

ಇವರ ಕೈಲಿರೋದು ನೂರು ರೂಪಾಯಿ ಸ್ಟಾಂಪ್ ಪೇಪರಿನ ಒಂದು ಕರಾರು. ನೋಂದಣಿ ಆಗಿಲ್ಲ. 2001ರ ತಿದ್ದುಪಡಿ ಆದಮೇಲೆ, ಸ್ವಾಧೀನದಲ್ಲಿದ್ದೀವಿ ಅನ್ನೋ ರಕ್ಷಣೆ (ಆಸ್ತಿ ವರ್ಗಾವಣೆ ಕಾಯ್ದೆಯ 53ಎ) ನೋಂದಣಿಯಾದ ಕರಾರಿಗೆ ಮಾತ್ರ. ಹಾಗಂತ ಆ ಕಾಗದ ಹರಿದು ಹಾಕಬೇಡಿ! ಕ್ರಯಪತ್ರ ಮಾಡಿಸಿಕೊಡಿ ಅಂತ ಹಾಕುವ ದಾವೆಯಲ್ಲಿ ನೋಂದಣಿಯಾಗದ ಕರಾರನ್ನೂ ಸಾಕ್ಷಿಯಾಗಿ ಕೊಡಬಹುದು. ಮನೆ ಸ್ವಾಧೀನ ಕೊಟ್ಟ ಕರಾರಿಗೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟೇ ಇದೆ. ಅದು ಕಮ್ಮಿ ಬಿದ್ದರೆ ಹತ್ತು ಪಟ್ಟು ದಂಡ ಬೀಳುತ್ತೆ. ಬಡವ ನೂರು ರೂಪಾಯಿ ಪೇಪರಲ್ಲಿ ಬರೆಸಿಕೊಂಡದ್ದಕ್ಕೆ ಕಾನೂನು ಹಾಕುವ ಬರೆ ಇದು.

ಇನ್ನೊಂದು. ಜಗಳ ಶುರುವಾದ ಕೂಡಲೇ ನಮ್ಮವರು ಸಿಟ್ಟಲ್ಲಿ ಕಂತು ನಿಲ್ಲಿಸಿಬಿಡ್ತಾರೆ. ಮಾರುವವನಿಗೆ ಬೇಕಾದ್ದೂ ಅದೇ. ಉಳಿದ ಹಣ ಕೊಡೋಕೆ ನೀವು ಸದಾ ಸಿದ್ಧ ಅಂತ ನ್ಯಾಯಾಲಯಕ್ಕೆ ತೋರಿಸಬೇಕು. ಬ್ಯಾಂಕಿಗೆ ಹಾಕಿ, ಇಲ್ಲಾ ಮನಿಯಾರ್ಡರ್ ಮಾಡಿ. ವಾಪಸ್ ಬಂದರೆ ಆ ಚೀಟಿನೇ ಸಾಕ್ಷಿ.

ಜಾಗ ಯಾರದು ಅನ್ನೋದನ್ನೂ ಮೊದಲೇ ನೋಡಬೇಕು. ಜಮ್ಮಾ ಜಾಗ ಆದರೆ ಪಹಣಿಯಲ್ಲಿ ಪಟ್ಟೇದಾರರ ಹೆಸರು, ಹಿಂದೆ ಇಡೀ ಕುಟುಂಬದ ಹಕ್ಕು. ಒಬ್ಬರು ಸಹಿ ಹಾಕಿದರೆ ಸಾಲದು. ಸರ್ಕಾರ ನಮ್ಮವರಿಗೇ ಮಂಜೂರು ಮಾಡಿದ ಜಮೀನು ಆದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಅಸಿಂಧು, ಮಾರಾಟದ ಕರಾರು ಕೂಡ. ಇದರಿಂದ ಕೊಂಡ ದಲಿತನಿಗೂ ಏಟು ಬೀಳುತ್ತೆ, ನಿಜ. ಅದಕ್ಕಾಗಿ ಪಿಟಿಸಿಎಲ್ ಸಡಿಲ ಮಾಡಿ ಅನ್ನೋವರ ಜೊತೆ ನಾನಂತೂ ನಿಲ್ಲಲ್ಲ.

ಧರಣಿ ಕೂರೋಣ ಅಂತ ಸಂಗಾತಿಗಳು ಹೇಳ್ತಿದ್ದಾರೆ. ಕೂರೋಣ, 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕೆಡವಿದಾಗ ಬೀದಿಯ ಹೋರಾಟ ಏನು ಮಾಡಬಲ್ಲದು ಅಂತ ಕಂಡಿದ್ದೀವಿ. ಆದರೆ ಇಲ್ಲಿ ದಾವೆಗೆ ಮೂರೇ ವರ್ಷ ಗಡುವು. ಕರಾರಿನಲ್ಲಿ ತಾರೀಕು ಇದ್ದರೆ ಅಲ್ಲಿಂದ, ಇಲ್ಲದಿದ್ದರೆ "ಮಾಡಿಕೊಡಲ್ಲ" ಅಂದದ್ದು ಗೊತ್ತಾದ ದಿನದಿಂದ. ಧರಣಿ, ಮನವಿ, ಮಾತುಕತೆ ಅಂತ ಈ ಮೂರು ವರ್ಷ ಕಳೆಯೋದು ನನಗೆ ಒಪ್ಪಿಗೆ ಇಲ್ಲ. ವಕೀಲರ ಫೀಸಿನ ಭಯ ಬೇಡ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು 1987ರ ಕಾಯ್ದೆಯಲ್ಲೇ ಇದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ.

ಆ ದಂಪತಿಗೆ ಈಗ ಬೇಕಿರೋದು ಸಾಕ್ಷಿ. ವಾರದ ಬಟವಾಡೆಯಲ್ಲಿ "ಮನೆ ಕಂತು" ಅಂತ ರೈಟರು ಕೂಗಿ ಹಣ ಮುರಿದದ್ದನ್ನ ಸಾಲಲ್ಲಿ ನಿಂತ ಎಲ್ಲರೂ ಕೇಳಿದ್ದಾರೆ. ಹೇಳೋಕೆ ಬಂದಿರೋದು ಇಬ್ಬರು. ಉಳಿದವರು ಅದೇ ಸಾವ್ಕಾರ್ರ ಲೈನಲ್ಲೇ ಇದ್ದಾರೆ. ಕೆಲಸ ಬಿಟ್ಟು ಹೊರಗೆ ಹೋದವರು ಯಾರಾದರೂ ನಿಮಗೆ ಪರಿಚಯ ಇದ್ದರೆ ಇನ್‌ಬಾಕ್ಸ್ ಮಾಡಿ. ಹೆಸರು ಇಲ್ಲಿ ಕಾಮೆಂಟಲ್ಲಿ ಹಾಕಬೇಡಿ.