ಸಹಾಯಧನ ಯಾರ ಕೈಸೇರುತ್ತದೆ?

ಸರಕಾರ ರೈತನಿಗೆ ಹಣ ಕೊಡುತ್ತದೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕೆಸರಿನಲ್ಲಿ ದುಡಿಯುವವನ ಚಿತ್ರ. ಆದರೆ ಆ ಹಣ ನೇಗಿಲನ್ನು ಹುಡುಕಿಕೊಂಡು ಹೋಗುತ್ತದೆಯೋ, ಭೂಮಿಯ ಹಕ್ಕುಪತ್ರವನ್ನು ಹುಡುಕಿಕೊಂಡು ಹೋಗುತ್ತದೆಯೋ ಎಂದು ನಾವು ವಿಚಾರಿಸುವುದು ಅಪರೂಪ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಪಾಯಿನ್ಸೆಟ್ ಕೌಂಟಿ ಈ ಪ್ರಶ್ನೆಗೆ ಬಹು ಹಿಂದೆಯೇ ಉತ್ತರ ಕಂಡಿದೆ.

1933ರಲ್ಲಿ ಹತ್ತಿಯ ಬೆಲೆ ನೆಲಕಚ್ಚಿದ್ದಾಗ ಅಧ್ಯಕ್ಷ ರೂಸ್‌ವೆಲ್ಟರ ಸರಕಾರವು ಕೃಷಿ ಹೊಂದಾಣಿಕೆ ಶಾಸನವನ್ನು ತಂದಿತು. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ ಎಂಬುದು ಅದರ ಲೆಕ್ಕಾಚಾರ. ಆ ವರ್ಷ ಸುಮಾರು 1 ಕೋಟಿ ಎಕರೆಯಲ್ಲಿ ನಿಂತಿದ್ದ ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಲಾಯಿತು. ಪರಿಹಾರಧನ ಭೂಮಾಲಿಕರ ಕೈಗೆ ಬಂತು. ಗೇಣಿದಾರರಿಗೂ ಪಾಲು ಸಲ್ಲತಕ್ಕದ್ದೆಂಬ ನಿಯಮವೇನೋ ಇತ್ತು. ಹಂಚುವ ಹೊಣೆ ಮಾತ್ರ ಮಾಲಿಕನದೇ. ದೂರು ಕೇಳಬೇಕಾದ ಸ್ಥಳೀಯ ಸಮಿತಿಗಳಲ್ಲಿ ಕುಳಿತವರೂ ಬಹುಮಟ್ಟಿಗೆ ಮಾಲಿಕರೇ! ಉಳುವ ನೆಲವೇ ಕಡಿಮೆಯಾದ ಮೇಲೆ ಉಳುವವನೇಕೆ? ಅನೇಕ ಕುಟುಂಬಗಳು ಸಾಮಾನು ಸರಂಜಾಮುಗಳೊಡನೆ ಬೀದಿಗೆ ಬಿದ್ದವು.

1934ರ ಜುಲೈಯಲ್ಲಿ ಆ ಕೌಂಟಿಯ ಟೈರೋನ್ಜಾ ಊರಿನ ಸಮೀಪ 11 ಮಂದಿ ಬಿಳಿಯರೂ 7 ಮಂದಿ ಕಪ್ಪು ಜನಾಂಗದವರೂ ಒಟ್ಟಿಗೆ ಕುಳಿತು ದಕ್ಷಿಣದ ಗೇಣಿದಾರರ ಸಂಘವನ್ನು ಕಟ್ಟಿದರು. ವರ್ಣಭೇದವೇ ಕಾನೂನಾಗಿದ್ದ ನಾಡಿನಲ್ಲಿ ಇದು ಸಣ್ಣ ಧೈರ್ಯವಲ್ಲ. ರಾಜಧಾನಿಯಲ್ಲಿ ಗೇಣಿದಾರರ ಪರ ನಿಂತ ಜೆರೋಮ್ ಫ್ರಾಂಕ್ ಮತ್ತವರ ಸಂಗಡಿಗ ವಕೀಲರನ್ನು 1935ರ ಫೆಬ್ರವರಿಯಲ್ಲಿ ಕೆಲಸದಿಂದ ತೆಗೆಯಲಾಯಿತು.

ಇಂದು ಅಲ್ಲಿ ಭತ್ತ ಬೆಳೆಯುತ್ತದೆ, ದುಡಿಯುವುದು ಯಂತ್ರ. 2014ರ ಶಾಸನದಂತೆ ಧಾರಣೆ ಒಂದು ಮಟ್ಟಕ್ಕಿಂತ ಇಳಿದರೆ ಸರಕಾರ ಅಂತರವನ್ನು ತುಂಬಿಕೊಡುತ್ತದೆ. ಆದರೆ ಲೆಕ್ಕ ಹಿಡಿಯುವುದು ಈ ವರ್ಷ ಬಿತ್ತಿದ ನೆಲವನ್ನಲ್ಲ, ಹಿಂದೆ ಬಿತ್ತಿದ್ದೆಂದು ದಾಖಲೆಯಲ್ಲಿರುವ ನೆಲವನ್ನು. ಹೊಲ ಗೇಣಿಯದಾದರೆ ಗೇಣಿ ಏರುತ್ತದೆ. ಸಹಾಯಧನದ ಒಂದು ಪಾಲು ಮಾಲಿಕನನ್ನು ಸೇರುತ್ತದೆ. ಒಬ್ಬ ವ್ಯಕ್ತಿಗೆ 1,25,000 ಡಾಲರಾಗಿದ್ದ ಮಿತಿಯನ್ನು 2025ರಲ್ಲಿ 1,55,000ಕ್ಕೆ ಏರಿಸಲಾಯಿತು. ಪಾಲುದಾರಿಕೆ ಮಾಡಿಕೊಂಡವರಿಗೆ ತಲೆಗೊಂದು ಮಿತಿ. ಮಧ್ಯಮ ಪ್ರಮಾಣದ ಕುಟುಂಬ ಬೇಸಾಯವನ್ನು ಉಳಿಸಬೇಕೆಂದು ಅಲ್ಲಿನ ಧರ್ಮಾಧ್ಯಕ್ಷರು 1986ರ ಪಾಲನಾ ಪತ್ರದಲ್ಲೇ ಹೇಳಿದ್ದರು.

ಸಹಾಯಧನವೇ ಬೇಡವೆಂದು ನಾವು ಹೇಳುತ್ತಿಲ್ಲ. ಮಳೆಯನ್ನೂ ಮಾರುಕಟ್ಟೆಯನ್ನೂ ನಂಬಿ ಬದುಕುವವನಿಗೆ ಆಸರೆ ಬೇಕು. ಆದರೆ ನಮ್ಮಲ್ಲೂ 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯ ವಾರ್ಷಿಕ 6,000 ರೂಪಾಯಿ ಭೂಮಿಯ ಒಡೆತನವುಳ್ಳವರಿಗೇ ಸಲ್ಲುತ್ತದೆ. 1974ರ ಭೂಸುಧಾರಣೆಯಲ್ಲಿ ನಮ್ಮ ಕೆಲವು ಮನೆಗಳು ಭೂಮಿ ಪಡೆದವು, ಕೆಲವು ಕಳೆದುಕೊಂಡವು. ಆ ಮಾತು ಇನ್ನೂ ಊಟದ ಹೊತ್ತಿಗೆ ಬರುವುದುಂಟು. ಈಗ ಮಕ್ಕಳು ಪರದೇಶದಲ್ಲಿರುವ ಮನೆಗಳ ಗದ್ದೆಯನ್ನು ಬಾಯಿಮಾತಿನ ಮೇಲೆ ಬೇಸಾಯ ಮಾಡುವವನ ಹೆಸರು ಪಹಣಿಯಲ್ಲಿಲ್ಲ. ಅಂಥ ಗದ್ದೆಯ ಹೆಸರಿನಲ್ಲಿ ಕಂತು ಬ್ಯಾಂಕಿಗೆ ಜಮೆಯಾದಾಗ, ಗದ್ದೆ ಮಾಡಿದವನನ್ನು ಕರೆದು ಲೆಕ್ಕಕ್ಕೆ ಕುಳಿತುಕೊಳ್ಳಿರೆಂದು ನಮ್ಮ ಓದುಗ ಕುಟುಂಬಗಳನ್ನು ಕೇಳಿಕೊಳ್ಳುತ್ತೇವೆ.