ಯಾರೂ ಕೇಳದ ಪಟ್ಟಿ

2022ರ ಜನವರಿ. ನಮ್ಮೂರ ಮಠದ ದಾಸೋಹದ ಪಡಸಾಲೆಯಲ್ಲಿ ಜಾತ್ರೆಯ ಪೂರ್ವಭಾವಿ ಸಭೆ ಸೇರಿತ್ತು. ಹಿಂದಿನ ವರ್ಷ ತೇರು ಐದು ಹೆಜ್ಜೆ ಕದಲಿ ನಿಂತಿತ್ತು. ಈ ಸಲ ಓಮೈಕ್ರಾನ್ ಬಂದಿತ್ತು, ವಾರಾಂತ್ಯದ ಕರ್ಫ್ಯೂ ಜಾರಿಯಲ್ಲಿತ್ತು. ಸಭೆ ಎರಡು ಪಾಲಾಗಿತ್ತು. ಎರಡು ಡೋಸ್ ಲಸಿಕೆ ಆಗಿದೆ, ಈ ರೋಗ ನೆಗಡಿಯಂತೆ ಬಂದು ಹೋಗುತ್ತದೆ, ಇನ್ನೆಷ್ಟು ದಿನ ಹೆದರಿ ಕೂಡುವುದು ಎಂದು ಒಂದು ಪಾಲು. ಇನ್ನೂ ಎರಡು ತಿಂಗಳು ತಡೆಯಿರಿ ಎಂದು ಇನ್ನೊಂದು ಪಾಲು. ನಾನು ಮೊದಲ ಪಾಲಿನವನು. ಎದ್ದು ನಿಂತು, ಲಿಂಗವಂತರಿಗೆ ಸೂತಕವೇ ಇಲ್ಲವೆಂದು ಹೇಳಿದವರು ಶರಣರು, ಅಂತರ ಕಾಯುವುದು ಅವರ ಮಕ್ಕಳಿಗೆ ತಕ್ಕುದಲ್ಲ ಎಂದೆ. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಲ್ಲಿ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಕೂತಿದ್ದಳು. ನನ್ನ ಶಾಲೆಯಲ್ಲೇ ಓದಿದವಳು. ಎದ್ದು ಹೇಳಿದಳು: "ಮಾಸ್ತರ, ದಾಸೋಹಕ್ಕ ರೊಟ್ಟಿ ಬಡಿಯಾಕ ಬರೋ ತಾಯಂದ್ರೊಳಗ ಸಕ್ಕರಿ ಬ್ಯಾನಿ ಇದ್ದೋರು, ಎದಿ ಬ್ಯಾನಿ ಇದ್ದೋರು ಎಷ್ಟ ಮಂದಿ ಅದಾರ ಗೊತ್ತೈತೇನ್ರಿ? ಮನಿ ಮನಿ ತಿರುಗಿ ಬರಕೊಂಡೀನಿ. ಪಟ್ಟಿ ನನ್ನ ಹತ್ರ ಐತ್ರಿ."

ಅವಳ ಮಾತು ಮುಗಿಯುವ ಮೊದಲೇ ಬೆಂಡು ಬತ್ತಾಸದ ಅಂಗಡಿಯ ಹುಡುಗ ಎದ್ದ. "ಎರಡ ವರ್ಷ ಆತು ಅಕ್ಕಾ, ಒಂದ ಜಾತ್ರ್ಯಾಗೂ ಸರಿಯಾಗಿ ಅಂಗಡಿ ಹಚ್ಚಿಲ್ಲ. ಬಡ್ಡಿ ಯಾರ ಕಟ್ಟೋರು?" ಗದ್ದಲವೆದ್ದಿತು. ಪಟ್ಟಿ ತೋರಿಸು ಎಂದು ಅವಳನ್ನು ಯಾರೂ ಕೇಳಲಿಲ್ಲ. ಬಡ್ಡಿ ಎಷ್ಟಾಗಿದೆ ಎಂದು ಅವನನ್ನೂ ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ.

ಆ ದಿನ ನಾನು ಆಡಿದ ಮಾತು ಎಲ್ಲಿಂದ ಬಂತೆಂಬುದನ್ನು ಹೇಳಬೇಕು. 2021ರ ಮೇ ತಿಂಗಳಲ್ಲಿ ನನ್ನ ಹಿರಿಯಣ್ಣ ಇದೇ ರೋಗದಲ್ಲಿ ಲಿಂಗೈಕ್ಯನಾದ. ನಮ್ಮಲ್ಲಿ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆ ಹಾಕಿ ಮಣ್ಣು ಕೊಡುವುದು ಪದ್ಧತಿ. ಅಣ್ಣನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ನಾವು ದೂರ ನಿಂತಿದ್ದೆವು. ಪಿಪಿಇ ಕಿಟ್ ತೊಟ್ಟ ಹುಡುಗನೊಬ್ಬ ನಾವು ನೆಲದ ಮೇಲಿಟ್ಟ ವಿಭೂತಿ ಗಟ್ಟಿಯನ್ನು ಎತ್ತಿಕೊಂಡು ಕುಣಿಯೊಳಗೆ ಇಟ್ಟು ಕೈ ಮುಗಿದ. ಅವನು ಯಾರ ಪೈಕಿ ಎಂದು ಕೇಳುವ ಧೈರ್ಯ ಅಂದು ಯಾರಿಗೂ ಇರಲಿಲ್ಲ. ಅದೊಂದೇ ಸಮಾಧಾನ. ಆಮೇಲೆ ನಮ್ಮ ಮನೆಗೆ ಎರಡು ತಿಂಗಳು ಯಾರೂ ಬರಲಿಲ್ಲ. ಹಾಲಿನವನು ಗೇಟಿನ ಹೊರಗೇ ತಂಬಿಗೆ ಇಡಿಸಿಕೊಂಡ. ನಮ್ಮೆಲ್ಲರ ವರದಿ ನೆಗೆಟಿವ್ ಬಂದ ಮೇಲೂ ಇದು ನಡೆಯಿತು. ಆ ಸಿಟ್ಟು ಒಳಗೇ ಕುದಿಯುತ್ತಿತ್ತು. ಜನವರಿಯ ಸಭೆಯಲ್ಲಿ ಶರಣರ ಹೆಸರು ಹಿಡಿದು ಹೊರಬಿತ್ತು.

ನಂತರ ಯೋಚಿಸಿದಾಗ ನನಗೆ ನನ್ನ ತಪ್ಪು ಕಂಡಿತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ತಳ್ಳಿಹಾಕಿದ್ದು ನಿಜ. ಸೂತಕವೆಂದರೆ ಮನುಷ್ಯನನ್ನೇ ಮೈಲಿಗೆ ಎನ್ನುವುದು. ಜಾತಿಸೂತಕವಂತೂ ಹುಟ್ಟಿನಿಂದ ಅಂಟುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ಮೇಲಿನವನಿಗೆ ತಾಗದೆ ಕೆಳಗಿನವನಿಗೆ ಮಾತ್ರ ತಾಗುತ್ತದೆ. ರೋಗದ ಸೋಂಕು ಹಾಗಲ್ಲ. ಅದು ಮಂತ್ರಿಗೂ ತಾಗುತ್ತದೆ, ಜೀತದವನಿಗೂ ತಾಗುತ್ತದೆ. ಸೋಪಿಗೆ ಹೋಗುತ್ತದೆ. ಕೆಲವು ದಿನ ಕಳೆದರೆ ಮುಗಿಯುತ್ತದೆ. ಸೋಂಕಿರುವ ದಿನಗಳಲ್ಲಿ ದೂರ ನಿಲ್ಲುವುದು ಪಕ್ಕದವನ ಮೇಲಿನ ಕಾಳಜಿ. ಸೋಂಕು ಹೋದ ಮೇಲೂ ತಂಬಿಗೆಯನ್ನು ಗೇಟಿನ ಹೊರಗೆ ಇಡಿಸುವುದು ಸೂತಕ. ಈ ಎರಡನ್ನೂ ಕಲಸಿ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದವನು ನಾನು. (ಸರ್ಕಾರವೂ ಮೊದಲ ದಿನದಿಂದ "ಸಾಮಾಜಿಕ ಅಂತರ" ಎಂದೇ ಸಾರಿತು. ಈ ನಾಡಿನಲ್ಲಿ ಆ ಮಾತಿಗೆ ಸಾವಿರ ವರ್ಷದ ಬೇರೆ ಅರ್ಥವಿದೆ ಎಂದು ಯಾರಿಗೂ ಹೊಳೆಯಲಿಲ್ಲವೋ ಏನೋ. ದೈಹಿಕ ಅಂತರ ಎಂದಿದ್ದರೆ ಸಾಕಿತ್ತು.)

ಆದರೆ ತಡೆಯಿರಿ ಎಂದವರೆಲ್ಲ ಸರಿ, ತೆರೆಯಿರಿ ಎಂದವರೆಲ್ಲ ತಪ್ಪು ಎಂದು ನಾನೀಗ ಪಕ್ಷ ಬದಲಿಸುತ್ತಿಲ್ಲ. ಒಂದನೆಯ ತರಗತಿಯಿಂದ ಐದನೆಯ ತರಗತಿಯ ಮಕ್ಕಳಿಗೆ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷಕ್ಕೂ ಮಿಗಿಲು. ಆ ನಡುವೆ ಮದುವೆ ಮಂಟಪಗಳು ತೆರೆದವು, ಬಾರುಗಳು ತೆರೆದವು. ಅಕ್ಷರ ಮರೆತು ಕುರಿ ಹಿಂದೆ ಹೋದ ಹುಡುಗರನ್ನು, ಹತ್ತಿ ಬಿಡಿಸಲು ಹೋದ ಹುಡುಗಿಯರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮಕ್ಕಳ ಸುರಕ್ಷತೆಗಾಗಿ ಶಾಲೆ ಬೇಡವೆಂದು ಗಟ್ಟಿಯಾಗಿ ಹೇಳಿದ ಅನೇಕರ ಮನೆಯಲ್ಲಿ ಆನ್‌ಲೈನ್ ಪಾಠಕ್ಕೆ ಎರಡೆರಡು ಮೊಬೈಲುಗಳಿದ್ದವು. ಸಂಬಳ ಬರುವವನಿಗೆ ಲಾಕ್‌ಡೌನ್ ಒಂದು ರಜೆ. ಕಾಯಕ ನಿಂತವನಿಗೆ ಅದು ಉಪವಾಸ.

ಇನ್ನು ರಾಜಕಾರಣ. 2021ರ ಏಪ್ರಿಲ್ 17ರಂದು, ಎರಡನೇ ಅಲೆ ಏರುತ್ತಿದ್ದಾಗ, ಬೆಳಗಾವಿ ಲೋಕಸಭೆಗೂ ಬಸವಕಲ್ಯಾಣ, ಮಸ್ಕಿ ವಿಧಾನಸಭಾ ಕ್ಷೇತ್ರಗಳಿಗೂ ಉಪಚುನಾವಣೆ ನಡೆಯಿತು. ಬೆಳಗಾವಿಯ ಸಂಸದ ಸುರೇಶ ಅಂಗಡಿಯವರೂ ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಅವರೂ ಅದಕ್ಕೆ ಹಿಂದಿನ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದಲೇ ತೀರಿಕೊಂಡಿದ್ದರು. ಆ ರೋಗ ತೆರವು ಮಾಡಿದ ಕುರ್ಚಿಗಾಗಿ ಆ ರೋಗದ ನಡುವೆಯೇ ಎಲ್ಲ ಪಕ್ಷದವರೂ ಜನ ಸೇರಿಸಿದರು. ಅದೂ ಅನುಭವ ಮಂಟಪದ ನೆಲದಲ್ಲಿ. ಮುಂದಿನ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಬಂತು, ವರ್ತಕರು ವಿರೋಧಿಸಿದರು, ಎರಡು ವಾರದಲ್ಲಿ ಅದನ್ನು ಹಿಂದೆಗೆದರು. ಶನಿವಾರ ಹರಡುವ ರೋಗ ಸೋಮವಾರ ಹರಡುವುದಿಲ್ಲವೇ ಎಂದು ಸಂತೆಯಲ್ಲಿ ನಗುತ್ತಿದ್ದರು. ಜನರಿಗೆ ನಿಯಮದ ಮೇಲೆ ನಂಬಿಕೆ ಹೋದದ್ದು ಇಂಥದರಿಂದ. ಅದನ್ನು ಜನರ ಅಜ್ಞಾನವೆಂದು ಬೈಯುವುದು ಸುಲಭ.

ನಮಗೆ, ಅಂದರೆ ಬಸವತತ್ವದ ಹೆಸರು ಹೇಳುವವರಿಗೆ, ಒಂದು ಪ್ರಶ್ನೆ ಹೆಚ್ಚಿಗಿದೆ. ಗುಡಿಯ ಬಾಗಿಲು ಮುಚ್ಚಿದಾಗ ನಾವೇಕೆ ಅಷ್ಟು ಕಂಗಾಲಾದೆವು? ದೇವರನ್ನು ಅಂಗೈಗೆ ತಂದುಕೊಟ್ಟ ಧರ್ಮ ನಮ್ಮದು. 2020ರ ಏಪ್ರಿಲ್ 26ರ ಬಸವ ಜಯಂತಿಯನ್ನೂ 2021ರ ಮೇ 14ರ ಬಸವ ಜಯಂತಿಯನ್ನೂ ಮನೆಯಲ್ಲೇ ಆಚರಿಸಿದೆವು. ನನ್ನ ಮಟ್ಟಿಗೆ, ಮೆರವಣಿಗೆ ಇಲ್ಲದ ಆ ಎರಡು ವರ್ಷ ಮೊಮ್ಮಕ್ಕಳ ಎದುರು ಕೂತು ಲಿಂಗಪೂಜೆ ಹೇಳಿಕೊಟ್ಟಷ್ಟು ಹಿಂದೆ ಎಂದೂ ಹೇಳಿಕೊಟ್ಟಿರಲಿಲ್ಲ. ದೇವರಿಗಾಗಿ ಜಾತ್ರೆ ಬೇಕು ಎಂದು ನಾವು ವಾದಿಸುವ ಹಾಗೇ ಇರಲಿಲ್ಲ. ನಮಗೆ ಜಾತ್ರೆ ಬೇಕಾದದ್ದು ಜನರಿಗಾಗಿ: ಬೆಂಡು ಬತ್ತಾಸದವನಿಗೆ, ಬಳೆಗಾರನಿಗೆ, ತವರಿಗೆ ಬರುವ ಹೆಣ್ಣುಮಕ್ಕಳಿಗೆ, ವರ್ಷಕ್ಕೊಮ್ಮೆ ಹೊಟ್ಟೆ ತುಂಬ ಮಾದಲಿ ಉಣ್ಣುವವರಿಗೆ. ಹಾಗೆಂದು ಬಾಯಿಬಿಟ್ಟು ಹೇಳಿದ್ದರೆ ಚರ್ಚೆಯ ದಾರಿಯೇ ಬೇರೆಯಾಗುತ್ತಿತ್ತು. ಅಂಗಡಿಯವನ ಬಡ್ಡಿಗೆ ಮಠದ ಬೊಕ್ಕಸದಿಂದ ಏನು ಮಾಡಬಹುದು, ರೊಟ್ಟಿಯನ್ನು ಒಂದೇ ಪಡಸಾಲೆಯ ಬದಲು ಮನೆ ಮನೆಯಲ್ಲಿ ಬಡಿಸಿ ತರಿಸಬಹುದೇ, ಪಂಕ್ತಿಯನ್ನು ಬಯಲಿನಲ್ಲಿ ಕೂರಿಸಬಹುದೇ ಎಂದು ಲೆಕ್ಕ ಹಾಕುತ್ತಿದ್ದೆವು. ಧೈರ್ಯ, ಹೆದರಿಕೆ, ಭಕ್ತಿ ಎಂಬ ಮಾತುಗಳು ಬರುತ್ತಲೇ ಇರಲಿಲ್ಲ. ನನ್ನ ಜೀವದ ಅಪಾಯವನ್ನು ನಾನು ತೆಗೆದುಕೊಂಡರೆ ಅದು ಧೈರ್ಯವೆನಿಸೀತು. ರೊಟ್ಟಿ ಬಡಿಯುವ ತಾಯಿಯ ಜೀವದ ಅಪಾಯವನ್ನು ಅವಳನ್ನು ಕೇಳದೆ ನಾನು ತೆಗೆದುಕೊಂಡರೆ ಅದಕ್ಕೆ ಏನೆನ್ನಬೇಕು?

ಆ ಸಲ ತೇರು ಎಳೆದೆವು. ಬೆಳಗಿನ ಜಾವ, ಕಡಿಮೆ ಜನ, ಅಂಗಡಿಗಳಿಲ್ಲ. ಅಂದರೆ ಎರಡೂ ಪಾಲಿನವರಿಗೆ ಅರ್ಧರ್ಧ ಬೇಸರ. ಆಮೇಲೆ ನಾನು ಆಶಾ ಅಕ್ಕನ ಮನೆಗೆ ಹೋಗಿ ಆ ಪಟ್ಟಿಯಲ್ಲಿ ಎಷ್ಟು ಮಂದಿ ಇದ್ದರೆಂದು ಕೇಳಿದೆ. ಹೆಸರು ಹೇಳುವ ಹಾಗಿಲ್ಲ ಎಂದಳು. ಎಣಿಕೆ ಹೇಳಿದಳು: ಮೂವತ್ತೊಂದು. ನಲವತ್ತು ಜನ ತಾಯಂದಿರಲ್ಲಿ ಮೂವತ್ತೊಂದು. ಈ ಕೆಲಸಕ್ಕೆ ಸರ್ಕಾರ ಕೊಡುವ ಗೌರವಧನವನ್ನು ಹನ್ನೆರಡು ಸಾವಿರ ಮಾಡಿರೆಂದು 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದ್ದರು. ಅಂಗಡಿಯ ಹುಡುಗ ತಿಳಿದಂತೆ ಅವಳೇನೂ ಸುಖದ ಸಂಬಳದಲ್ಲಿ ಕೂತು ಮಾತಾಡಿದವಳಲ್ಲ. ಅವರಿಬ್ಬರನ್ನು ಎದುರುಬದುರು ನಿಲ್ಲಿಸಿ ನಾವು ನಡುವೆ ಕೂತು ನೋಡಿದೆವು.

ಈ ವರ್ಷದ ಜಾತ್ರಾ ಸಮಿತಿಯ ಹೆಸರುಗಳನ್ನು ಮಠದ ಗೋಡೆಗೆ ಹಚ್ಚಿದ್ದಾರೆ. ಇಪ್ಪತ್ತೊಂದು ಹೆಸರು. ರೊಟ್ಟಿ ಬಡಿಯುವ ತಾಯಂದಿರಲ್ಲಿ ಒಬ್ಬರೂ ಇಲ್ಲ, ಆಶಾ ಅಕ್ಕ ಇಲ್ಲ, ಅಂಗಡಿಯವರ ಪರವಾಗಿ ಯಾರೂ ಇಲ್ಲ. ಒಂಬತ್ತನೆಯದು ನನ್ನ ಹೆಸರು. ಅದನ್ನು ಹೊಡೆದು ಆ ಜಾಗಕ್ಕೆ ಅವಳ ಹೆಸರು ಬರೆಯಬೇಕೆಂದು ಅಜ್ಜಾರಿಗೆ ಚೀಟಿ ಕೊಟ್ಟು ಬಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.